41ನೆಯ ಹೆಸರು

ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡಗಳು ಪ್ರತಿವರ್ಷ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ, ಅದೇ ಡ್ರಾಫ್ಟ್. 2014ರಲ್ಲಿ ಡೆನ್ವರ್ ನಗೆಟ್ಸ್ ತಂಡವು ಸರ್ಬಿಯಾದ ನಿಕೊಲಾ ಯೋಕಿಚ್‌ನನ್ನು ಆರಿಸಿದ್ದು 41ನೆಯ ಸರದಿಯಲ್ಲಿ. ಆಗ ಟಿ.ವಿ.ಯಲ್ಲಿ ಜಾಹೀರಾತು ಬರುತ್ತಿತ್ತು. ಹೆಸರು ಪರದೆಯ ಅಡಿಯಲ್ಲಿ ಸುಮ್ಮನೆ ಸರಿದುಹೋಯಿತು. ಮನೆಯಲ್ಲಿ ಕುಳಿತು ನೋಡುತ್ತಿದ್ದ ಅಭಿಮಾನಿಗಳಿಗೆ ದಕ್ಕಿದ್ದು ಅಷ್ಟೇ. 2023ರಲ್ಲಿ ಡೆನ್ವರ್ ಮೊದಲ ಬಾರಿಗೆ ಎನ್‌ಬಿಎ ಚಾಂಪಿಯನ್ ಆಯಿತು. ಅಂತಿಮ ಸರಣಿಯ ಶ್ರೇಷ್ಠ ಆಟಗಾರ ಆತನೇ!

ಮೊಮ್ಮಗ ಇದನ್ನು ಹೇಳಿದಾಗ ಎಲ್ಲರೂ ನಕ್ಕರು. ನನಗೆ ಮಾತ್ರ ನನ್ನ ಹಾಜರಿ ಪುಸ್ತಕ ನೆನಪಾಯಿತು. 41ನೆಯ ಹೆಸರು ಕರೆಯುವ ಹೊತ್ತಿಗೆ ನಾನು ತಲೆಯೆತ್ತುತ್ತಲೇ ಇರಲಿಲ್ಲ. "ಪ್ರೆಸೆಂಟ್ ಸಾರ್" ಎಂಬ ಸಣ್ಣ ದನಿ ಇಂದಿಗೂ ಕಿವಿಯಲ್ಲಿದೆ. ಮುಖ ಮಾತ್ರ ನೆನಪಿಗೆ ಬಾರದು. ಮಗೂ, ಇದನ್ನು ನೀನು ಓದುತ್ತಿದ್ದರೆ ಈ ಮೇಷ್ಟ್ರನ್ನು ಕ್ಷಮಿಸು.