ಬೆರಳಿಗೂ ಕಿವಿಯುಂಟು

ಬೆಂಗಳೂರಿನ ಅಂಗಡಿಯೊಂದರಲ್ಲಿ ನಿಂತ ಮೊಮ್ಮಗ ಫೋನಿನಲ್ಲೇ ಇಳಕಲ್ ಸೀರೆ ತೋರಿಸುತ್ತಿದ್ದ. ಊರಲ್ಲಿದ್ದ, ಕಣ್ಣು ಮಂಜಾದ ಅಜ್ಜಿ ಅತ್ತ ತಿರುಗಲೂ ಇಲ್ಲ. "ಚಿತ್ರ ತಗೊಂಡು ಏನ್ ಮಾಡ್ಲೋ ತಮ್ಮಾ? ಸೀರಿ ಕೈಗೆ ಹತ್ತಬೇಕು" ಎಂದಳು.

ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು ಆಗಿರುವುದು ಹಳೆಯ ವಾಡಿಕೆ. ಹತ್ತಿ ಮುಗಿದು ರೇಷ್ಮೆ ತೊಡಗುವ ಜಾಗವನ್ನು ಆಕೆಯ ಬೆರಳು ತಟ್ಟನೆ ಹೇಳಬಲ್ಲದು. ಹೇಗೆ?

ಅಜ್ಜಿ ಬಟ್ಟೆಯನ್ನು ಬರೀ ಮುಟ್ಟುವುದಿಲ್ಲ, ಸವರುತ್ತಾಳೆ. ಗುಟ್ಟು ಇರುವುದು ಅಲ್ಲಿಯೇ. ನವಿರಾದ ಮೇಲ್ಮೈಯ ಅರಿವಾಗುವುದು ಬೆರಳು ಸರಿದಾಗ ಹುಟ್ಟುವ ಕಂಪನದಿಂದ ಎಂದು ಜರ್ಮನಿಯ ಮನೋವಿಜ್ಞಾನಿ ಡೇವಿಡ್ ಕಾಟ್ಸ್ 1925ರ ತಮ್ಮ ಗ್ರಂಥದಲ್ಲಿ ಹೇಳಿದ್ದರು. ಎಳೆಗಳ ಏರುತಗ್ಗು ಚರ್ಮವನ್ನು ನಡುಗಿಸುತ್ತದೆ. ಚರ್ಮದ ಆಳದಲ್ಲಿ ಈರುಳ್ಳಿಯಂತೆ ಪದರ ಪದರವಾಗಿರುವ, ಇಟಲಿಯ ಪಚೀನಿಯ ಹೆಸರು ಹೊತ್ತ ಪುಟ್ಟ ಗ್ರಾಹಕಗಳು ಆ ನಡುಕವನ್ನು ಹಿಡಿದು ನರಗಳ ಮೂಲಕ ಮಿದುಳಿಗೆ ತಿಳಿಸುತ್ತವೆ. ಸೆಕೆಂಡಿಗೆ ಸುಮಾರು 250 ಕಂಪನಗಳಿದ್ದಾಗ ಅವು ಅತಿ ಚುರುಕು. ಕಿವಿಯೂ ಕೇಳಬಲ್ಲ ಕಂಪನವದು!

ನಂಬಿಕೆ ಬಾರದಿದ್ದರೆ ಪೆನ್ಸಿಲಿನ ತುದಿಯನ್ನು ಗೋಣಿಚೀಲದ ಮೇಲೆ, ಬಳಿಕ ಸ್ಟೀಲ್ ತಟ್ಟೆಯ ಮೇಲೆ ಎಳೆದು ನೋಡಿ. ಬೆರಳು ಮುಟ್ಟಿದ್ದು ಪೆನ್ಸಿಲನ್ನು ಮಾತ್ರ. ಆದರೂ ಒರಟು ಯಾವುದು, ನುಣುಪು ಯಾವುದು ಎಂಬುದು ಕಣ್ಣು ಮುಚ್ಚಿದರೂ ತಿಳಿಯುತ್ತದೆ.

ಇದೇ ಪಾಠವನ್ನು ವಿಜ್ಞಾನಿಗಳು ಯಂತ್ರಕ್ಕೂ ಕಲಿಸಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕ್ಯಾಥರೀನ್ ಕುಚೆನ್‌ಬೆಕರ್ ಅವರ ತಂಡ 100 ಬಗೆಯ ಮೇಲ್ಮೈಗಳ ಮೇಲೆ ಕಡ್ಡಿಯಂಥ ಉಪಕರಣವನ್ನು ಎಳೆದು, ಕಂಪನಗಳನ್ನು ದಾಖಲಿಸಿ, 2014ರಲ್ಲಿ ಎಲ್ಲರ ಬಳಕೆಗೆ ಬಿಟ್ಟಿತು. ಇಂಥ ಕಂಪನಗಳನ್ನು ಬೆರಳಿಗೆ ತೊಡುವ ಸಾಧನದಿಂದಲೂ ಮೂಡಿಸಬಹುದು. ಅದರೊಳಗಿರುವುದು ಧ್ವನಿವರ್ಧಕದಲ್ಲಿರುವಂತೆಯೇ ಒಂದು ತಂತಿಸುರುಳಿ, ಒಂದು ಅಯಸ್ಕಾಂತ. ಬೆರಳು ಸರಿದ ವೇಗಕ್ಕೆ ತಕ್ಕಂತೆ ಸಾಧನ ನಡುಗಿದರೆ ನುಣುಪು ಮೇಜೂ ಒರಟು ಬಟ್ಟೆಯಂತೆ ತೋರುತ್ತದೆ.

ಆದರೆ ಕಂಪನವೊಂದೇ ಸೀರೆಯಾಗದು. ರೇಷ್ಮೆಯ ತಂಪು, ಮಡಿಕೆಯ ಮೆದುತನ, ಸೆರಗಿನ ಭಾರ ಇವನ್ನೆಲ್ಲ ಬರಿಯ ನಡುಕದಿಂದ ತೋರಿಸಲಾಗದು. ಅವಕ್ಕೆ ಬೇರೆಯೇ ಉಪಾಯ ಬೇಕು.

ಕೊನೆಗೆ ಮೊಮ್ಮಗ ಹಬ್ಬಕ್ಕೆ ಬಂದಾಗ ಸೀರೆಯನ್ನೇ ತಂದ. ಅಜ್ಜಿ ಮೆಲ್ಲಗೆ ಸವರುತ್ತ ಹೋದಳು. ಸೆರಗು ಕೂಡಿದಲ್ಲಿ ಬೆರಳು ನಿಂತಿತು. ಪಕ್ಕದಲ್ಲಿದ್ದ ಮರಿಮೊಮ್ಮಗಳೂ ಕೈ ಚಾಚಿದಳು. "ಹೊಸಾ ಸೀರಿ, ಮುಟ್ಟಬ್ಯಾಡ" ಎಂದು ತಾಯಿ ಗದರಿದಳು.

ಅಜ್ಜಿ ಮಗುವಿನ ಬೆರಳು ಹಿಡಿದು ಅದೇ ಜಾಗದಲ್ಲಿಟ್ಟಳು. "ಮುಟ್ಟಲಿ ಬಿಡವಾ. ಮುಟ್ಟದ ಹ್ಯಾಂಗ ತಿಳೀತದ?"