ಅಡಿಗೆಮನೆಯ ಕಿಟಕಿ ಮತ್ತು ಗೌಂಡಿಯ ಮಗಳು

ನಿಮ್ಮ ಅಡಿಗೆಮನೆಯ ಕಿಟಕಿ ಯಾವ ದಿಕ್ಕಿಗಿದೆ, ಹೇಳಿ ನೋಡೋಣ. ಥಟ್ಟನೆ ಹೇಳಲು ಬರಲಿಲ್ಲವೆಂದರೆ ಬೇಸರ ಬೇಡ. ಇಪ್ಪತ್ತೆರಡು ವರ್ಷ ಒಲೆಯ ಮುಂದೆ ನಿಂತ ನನಗೂ ಹೋದ ಬೇಸಿಗೆಯವರೆಗೆ ಅದೊಂದು ಯೋಚಿಸುವ ಸಂಗತಿ ಅನ್ನಿಸಿರಲಿಲ್ಲ. ಕಿಟಕಿ ಎಂದರೆ ಇದ್ದ ಕಡೆ ಇರುತ್ತದೆ, ಅಷ್ಟೆ!

ಏಪ್ರಿಲ್ ತಿಂಗಳಲ್ಲಿ ಕೊಪ್ಪಳದ ನಮ್ಮ ಮನೆಯ ಹಿಂದೆ ಹೊಸದೊಂದು ಅಡಿಗೆಮನೆ ಕಟ್ಟಿಸಲು ಹೊರಟೆವು. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ನಮ್ಮ ಯಜಮಾನರು ಪೇಟೆಯಲ್ಲಿ ಯಾರ ಕೈಯಿಂದಲೋ ನಕ್ಷೆ ಬರೆಸಿಕೊಂಡು ಬಂದರು. ಬರೆದವರು ನಮ್ಮ ಮನೆಯನ್ನೂ ನೋಡಿರಲಿಲ್ಲ, ನನ್ನನ್ನೂ ಕೇಳಿರಲಿಲ್ಲ. ಅಡಿಗೆ ಮಾಡುವವಳನ್ನು ಅಡಿಗೆಮನೆಯ ಬಗ್ಗೆ ಯಾರು ಕೇಳುತ್ತಾರೆ, ಬಿಡಿ. ಕೆಲಸಕ್ಕೆ ಬಂದವರು ಕುಷ್ಟಗಿ ಕಡೆಯ ಒಬ್ಬ ಗೌಂಡಿ, ಅವರ ಹೆಂಡತಿ, ಜೊತೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ರಜೆಯಲ್ಲಿದ್ದ ಮಗಳು. ಹುಡುಗಿ ಇಟ್ಟಿಗೆ ಹೊರುತ್ತಿದ್ದಳು, ಗೋಡೆಗೆ ನೀರು ಹೊಡೆಯುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ನಾನು ಚಹಾ ತೆಗೆದುಕೊಂಡು ಹೋದಾಗ ಆಕೆ ಒಡೆದ ಹಂಚಿನ ಚೂರಿನಿಂದ ನೆಲದ ಮೇಲೆ ಏನೋ ಗೀರುತ್ತಿದ್ದಳು. ನೋಡಿದರೆ ನಮ್ಮದೇ ಅಡಿಗೆಮನೆ! ನನ್ನನ್ನು ನೋಡಿ ಅಳಿಸಲು ಹೋದಳು. ತಡೆದೆ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಈ ಕಿಟಕಿ ಪಡುವಣಕ್ಕ ಇಟ್ಟಾರ್ರಿ. ಸಂಜಿ ಬಿಸಿಲು ಪೂರಾ ನಿಮ್ಮ ಬೆನ್ನಿಗೆ ಬೀಳ್ತೈತಿ. ಆಷಾಢದ ಗಾಳಿಗೆ ಗ್ಯಾಸು ಹತ್ತಂಗಿಲ್ರಿ. ಬಡಗಣಕ್ಕ ಇಟ್ಟು, ಮ್ಯಾಲೊಂದು ಬೆಳಕಿಂಡಿ ಬಿಟ್ರ ಒಗ್ಗರಣಿ ಘಾಟು ತಾನs ಹೋಗ್ತೈತಿ."

ನಮ್ಮ ಕಡೆಯ ಆಷಾಢದ ಗಾಳಿ ನಿಮಗೆ ಗೊತ್ತೇ ಇದೆ, ಒಣಹಾಕಿದ ಬಟ್ಟೆ ಓಣಿ ದಾಟಿ ಹೋಗುತ್ತದೆ. "ನಕ್ಷೆ ಬರೆದವರು ಓದಿದವರು, ನಿನಗೇನು ಗೊತ್ತು" ಎಂದು ಯಜಮಾನರು ನಕ್ಕರು. ನಾನು ಮಾತಾಡಲಿಲ್ಲ. ಸಂಜೆ ನಾಲ್ಕಕ್ಕೆ ಒಲೆ ಬರುವ ಜಾಗದಲ್ಲಿ ಒಂದು ಸ್ಟೂಲು ಹಾಕಿ ಹತ್ತು ನಿಮಿಷ ಕೂತೆ. ಬೆನ್ನು ಹಂಚಿನ ಮೇಲಿನ ರೊಟ್ಟಿಯಾಯಿತು. ಕಿಟಕಿ ಬಡಗಣಕ್ಕೆ ಹೋಯಿತು.

"ಮುಂದ ಏನ್ ಓದ್ತೀ?" ಎಂದು ಕೇಳಿದೆ. "ಆರ್ಟ್ಸ್ ತಗೋತೀನ್ರಿ. ಲೆಕ್ಕ ನಮಗ್ಯಾಕ್ರಿ." ಹೀಗೆಂದ ಹುಡುಗಿ, ಹತ್ತಡಿ ಗೋಡೆಗೆ ಎಷ್ಟು ಇಟ್ಟಿಗೆ, ಎಷ್ಟು ಬುಟ್ಟಿ ಉಸುಕು ಎಂದು ಬಾಯಲ್ಲೇ ಹೇಳುತ್ತಿದ್ದವಳು!

ಇಲ್ಲಿ ನಿಮಗೊಂದು ಮಾತು ಹೇಳಬೇಕು. ನನ್ನ ತಂದೆಯೂ ಗೌಂಡಿ. ಒಂದು ಕಾಲಕ್ಕೆ ಉಪ್ಪು ಮಾಡುತ್ತಿದ್ದು ಆಮೇಲೆ ಗೋಡೆ ಕಟ್ಟುವುದಕ್ಕೆ ಇಳಿದ ಉಪ್ಪಾರರ ಮನೆತನ ನಮ್ಮದು. ಕುಷ್ಟಗಿ ತಾಲೂಕಿನ ಹಳ್ಳಿಗಳಲ್ಲಿ ಅಪ್ಪ ಕಟ್ಟಿದ ಮನೆಗಳು ಇನ್ನೂ ನಿಂತಿವೆ. ಜಂತಿಯ ಮೇಲೆ ಕಟ್ಟಿಗೆ ಹೊಂದಿಸಿ, ಬೇವಿನ ಸೊಪ್ಪು ಹಾಸಿ, ಮಣ್ಣು ತುಂಬಿ, ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹರಡಿದ ಮಾಳಿಗೆಯ ಮನೆಗಳು. ಹೊರಗೆ ನಲವತ್ತು ಡಿಗ್ರಿ ಬಿಸಿಲಿದ್ದರೂ ಒಳಗೆ ಗಡಿಗೆಯ ನೀರಿನ ತಂಪು. ಆದರೆ ಮದುವೆಯಾಗಿ ಕೊಪ್ಪಳಕ್ಕೆ ಬಂದ ಮೇಲೆ ಓಣಿಯಲ್ಲಿ ಯಾರು ಕೇಳಿದರೂ "ನಮ್ಮ ತಂದೆ ಕಂಟ್ರಾಕ್ಟರು" ಎಂದೇ ಹೇಳುತ್ತ ಬಂದೆ. ಮೊದಲ ಸಲ ಬಾಯಿ ತಪ್ಪಿ ಬಂದದ್ದು, ಆಮೇಲೆ ರೂಢಿಯಾಯಿತು. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾದರೂ ನಾನು ತಿದ್ದಿಕೊಂಡಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪನಿಗೂ ನಕ್ಷೆ ಬರುತ್ತಿತ್ತು, ತಲೆಯಲ್ಲಿ. ಕಾಗದದ ಮೇಲೆ ಬರೆದವರು ಸಾಹೇಬರಾದರು, ಅಪ್ಪ ಕರಣಿ ಹಿಡಿದೇ ಮುದುಕನಾದ. ನಡುವೆ ಇದ್ದದ್ದು ಒಂದು ಹಾಳೆ, ಒಂದಿಷ್ಟು ಲೆಕ್ಕ, "ಹೀಗೊಂದು ಓದು ಇದೆ" ಎಂದು ಹೇಳುವವರು. ಆ ಹೇಳುವವರು ನಮ್ಮಂಥ ಮನೆಗಳಿಗೆ ಬರುವುದೇ ಇಲ್ಲ.

ಮಾರನೆಯ ದಿನ ಕಾಲೇಜಿನಲ್ಲಿ ಓದುವ ನನ್ನ ಮಗನನ್ನು ಕೂರಿಸಿಕೊಂಡು ಎಲ್ಲವನ್ನೂ ಕೇಳಿ ಬರೆದುಕೊಂಡೆ. ನಿಮ್ಮ ಓಣಿಯಲ್ಲೂ ಇಂಥ ಮಕ್ಕಳಿರಬಹುದು, ಆದ್ದರಿಂದ ಹೇಳುತ್ತೇನೆ. ವಾಸ್ತುಶಿಲ್ಪದ ಓದಿಗೆ ಬಿ.ಆರ್ಕ್ ಎನ್ನುತ್ತಾರೆ, ಐದು ವರ್ಷ. 1972ರ ಕಾಯಿದೆಯ ಪ್ರಕಾರ ಆರ್ಕಿಟೆಕ್ಚರ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸದವರು ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಈ ಓದಿಗೆ ಸೇರಲು 'ನಾಟಾ' ಎಂಬ ಪರೀಕ್ಷೆ ಇದೆ. ಅದರಲ್ಲಿ ಚಿತ್ರ ಬರೆಸುತ್ತಾರೆ, ನೋಡುವ ಕಣ್ಣು ಹೇಗಿದೆ ಎಂದು ಪರೀಕ್ಷಿಸುತ್ತಾರೆ. ಆದರೆ ಪಿ.ಯು.ಸಿ.ಯಲ್ಲಿ ಗಣಿತ ಇರಲೇಬೇಕು. ಇಲ್ಲವೇ ಎಸ್ಸೆಸ್ಸೆಲ್ಸಿ ನಂತರದ ಮೂರು ವರ್ಷದ ಡಿಪ್ಲೊಮಾದಲ್ಲಿ ಗಣಿತ ಓದಿರಬೇಕು. ಅಂದರೆ ಹದಿನಾರನೆಯ ವಯಸ್ಸಿಗೆ "ಲೆಕ್ಕ ಬ್ಯಾಡ" ಎಂದರೆ ಬಾಗಿಲು ಅಲ್ಲಿಗೇ ಮುಚ್ಚಿತು. ಮುಚ್ಚಿತೆಂದು ಮಗುವಿಗೆ ಗೊತ್ತೂ ಆಗುವುದಿಲ್ಲ, ಇನ್ನು ಅಳುವುದಾದರೂ ಯಾವುದಕ್ಕೆ?

ಹಣದ ಚಿಂತೆ ಬೇರೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ ಲೇಬರ್ ಕಾರ್ಡು ಮಾಡಿಸಿಕೊಂಡ ಗೌಂಡಿ, ಕೂಲಿಯವರ ಮಕ್ಕಳ ಓದಿಗೆ ಸಹಾಯಧನ ಇದೆ. ನಮ್ಮ ಭಾಗದ ಜಿಲ್ಲೆಗಳಿಗೆ 2013ರಿಂದ 371ಜೆ ಮೀಸಲಾತಿಯೂ ಇದೆ, ಅದಕ್ಕೆ ಸರ್ಟಿಫಿಕೇಟು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ನಮ್ಮ ಗೌಂಡಿಯ ಬಳಿ ಕಾರ್ಡೇನೋ ಇತ್ತು, ಮಗಳ ಓದಿಗೂ ಅದರಿಂದ ಬರುತ್ತದೆಂದು ಗೊತ್ತಿರಲಿಲ್ಲ.

ಸ್ಲ್ಯಾಬು ಹಾಕಿ ನೀರು ಕಟ್ಟಿದ ಮೇಲೆ ಒಂದು ಭಾನುವಾರ ಕೆಲಸವಿರಲಿಲ್ಲ. ನನ್ನ ಮಗಳು ಮತ್ತು ಆ ಹುಡುಗಿಯನ್ನು ಕರೆದುಕೊಂಡು ಇಟಗಿಗೆ ಹೊರಟೆ. ಮೊದಲು ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿದ ಊರು. ಅಲ್ಲಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಶಾಸನದಲ್ಲಿ ಅದನ್ನು 'ದೇವಾಲಯ ಚಕ್ರವರ್ತಿ' ಎಂದೇ ಕರೆದಿದ್ದಾರೆ. ನಾವೆಲ್ಲ ಅಲ್ಲಿಗೆ ಹೋಗಿ ಕೈಮುಗಿದು, ಬುತ್ತಿ ಬಿಚ್ಚಿ ಉಂಡು ಬರುವವರು. ನನ್ನ ಮಗಳು ಮೊಬೈಲಿನಲ್ಲಿ ತನ್ನದೇ ಫೋಟೋ ತೆಗೆದುಕೊಳ್ಳುತ್ತ ಕೂತಳು. ಈ ಹುಡುಗಿ ಮಾತ್ರ ಕಂಬದಿಂದ ಕಂಬಕ್ಕೆ ಹೆಜ್ಜೆ ಅಳೆದಳು, ಗೇಣು ಹಾಕಿದಳು, ಮಲಗಿ ಚಾವಣಿ ನೋಡಿದಳು.

"ಅಕ್ಕಾರ, ಇಷ್ಟು ಭಾರದ ಚಾವಣಿ ಐತಿ, ಗ್ವಾಡಿ ಎಲ್ಲೈತ್ರಿ?" ಎಂದಳು. ಹೌದಲ್ಲ! ಮುಂದಿನ ಮಂಟಪ ಮೂರು ಕಡೆ ಬಯಲು, ಕಂಬಗಳೇ ಎಲ್ಲವನ್ನೂ ಹೊತ್ತಿವೆ. ಎಷ್ಟೋ ಸಲ ಬಂದು ಹೋದ ನನಗೆ ಕಂಬದ ನುಣುಪು ಕಂಡಿತ್ತು, ಕಂಬದ ಕೆಲಸ ಕಂಡಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಕಟ್ಟಿಸಿದಾವರ ಹೆಸರು ಹೇಳಿದ್ರಿ. ಕಟ್ಟಿದಾವರು ಯಾರ್ರಿ?" ನನಗೆ ಉತ್ತರ ಬರಲಿಲ್ಲ. ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು ಮೂವರೂ ಬುತ್ತಿ ಬಿಚ್ಚಿದೆವು. ಅಲ್ಲಿಯೇ ಮೊದಲ ಸಲ ಹೊರಗಿನವರೊಬ್ಬರ ಮುಂದೆ ಹೇಳಿದೆ, ನಮ್ಮಪ್ಪನೂ ಗೌಂಡಿ ಎಂದು. "ಗೊತ್ತೈತ್ರಿ" ಎಂದಳು! "ನೀವು ಇಟ್ಟಿಗಿ ನೋಡೂದ್ರಾಗ ನಮ್ಮಪ್ಪ ತಿಳಕೊಂಡಾನ್ರಿ."

ಇಟಗಿಯೇ ಆಗಬೇಕೆಂದಿಲ್ಲ. ಗಂಗಾವತಿಯವರಿಗೆ ಆನೆಗೊಂದಿಯ ಹಳೆಯ ಮನೆಗಳಿವೆ, ಹಿರೇಬೆಣಕಲ್ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ, ಬರೇ ಕಲ್ಲುಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಮೊರ್ಯರ ಮನೆಗಳಿವೆ. ಕೈಗೊಂದು ಅಳತೆ ಟೇಪು ಕೊಟ್ಟು ಮಕ್ಕಳನ್ನು ಬಿಟ್ಟರೆ ಸಾಕು. ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಎಂಬ ಸಂಸ್ಥೆ 1997ರಿಂದ ಕೆಲಸ ಮಾಡುತ್ತ ಬಂದಿದೆ. ಅಲ್ಲಿಯ ಹೆಣ್ಣುಮಕ್ಕಳಿಗೆ ಬಾಳೆನಾರಿನ ಕಸುಬು ಕಲಿಸಿದವರು ಅವರೇ.

ಮಗ ತೋರಿಸಿದ ಇನ್ನೊಂದು ಸಂಗತಿ ನನ್ನ ತಲೆಯಿಂದ ಹೋಗಿಲ್ಲ. ಆಫ್ರಿಕದ ಬುರ್ಕಿನಾ ಫಾಸೋ ದೇಶದಲ್ಲಿ ಗಾಂಡೊ ಎಂಬ ಹಳ್ಳಿ. ನಮ್ಮಂತೆಯೇ ಉರಿ ಬಿಸಿಲಿನ ಸೀಮೆ. ಆ ಹಳ್ಳಿಯಿಂದ ಶಾಲೆಗೆ ಹೋದ ಮೊದಲ ಹುಡುಗನ ಹೆಸರು ಫ್ರಾನ್ಸಿಸ್ ಕೆರೆ. (ನಮ್ಮ ಊರಿನ ಕೆರೆಯೇ ನೆನಪಾಗುವ ಹೆಸರು!) ಬಡಗಿ ಕೆಲಸ ಕಲಿಯಲು ಜರ್ಮನಿಗೆ ಹೋದವನು ಆಮೇಲೆ ವಾಸ್ತುಶಿಲ್ಪ ಓದಿದ. ಓದು ಮುಗಿಯುವ ಮೊದಲೇ ಹಣ ಕೂಡಿಸಿ ತನ್ನ ಹಳ್ಳಿಗೊಂದು ಶಾಲೆ ಕಟ್ಟಿದ, 2001ರಲ್ಲಿ. ಇಟ್ಟಿಗೆ ಮಣ್ಣಿನದು, ಕಟ್ಟಿದವರು ಹಳ್ಳಿಯವರೇ, ಮಣ್ಣಿನ ನೆಲವನ್ನು ಬಡಿದು ನುಣುಪು ಮಾಡಿದವರು ಹೆಂಗಸರು. ಮೇಲೆ ತಗಡು ಇದೆ, ಆದರೆ ಇಟ್ಟಿಗೆಯ ಚಾವಣಿಯ ಮೇಲೆ ಅಂತರ ಬಿಟ್ಟು ಎತ್ತರಿಸಿ ಕೂರಿಸಿದ್ದು. ನಡುವೆ ಗಾಳಿ ಆಡುತ್ತದೆ, ಒಳಗೆ ಕಾವು ಇಳಿಯುವುದಿಲ್ಲ. 2022ರಲ್ಲಿ ಅವನಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡದಿಲ್ಲವಂತೆ. ಆಫ್ರಿಕದವರಿಗೆ ಅದು ಬಂದದ್ದು ಅದೇ ಮೊದಲು.

ಹುಡುಗಿಗೆ ಆ ಶಾಲೆಯ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, "ನಮ್ಮ ಶೆಡ್ಡಿಗೆ ಹಿಂಗ ಮಾಡಬೌದಲ್ರಿ" ಎಂದಳು. ಊರ ಮಂದಿಗೆಲ್ಲ ಆರ್.ಸಿ.ಸಿ. ಮನೆ ಕಟ್ಟುವ ಆ ಸಂಸಾರ ಕೊಪ್ಪಳದಲ್ಲಿ ಇರುವುದು ತಗಡಿನ ಶೆಡ್ಡಿನಲ್ಲಿ.

ಇನ್ನೊಂದು ದಿನ ತನ್ನ ಊರಿನ ಶಾಲೆಯ ಮಾತು ಹೇಳಿದಳು. ಹುಡುಗಿಯರ ಶೌಚಾಲಯದ ಬಾಗಿಲು ನೇರ ರಸ್ತೆಗೆ ಇಟ್ಟಿದ್ದರಂತೆ, ಹೀಗಾಗಿ ಒಬ್ಬ ಹುಡುಗಿಯೂ ಹೋಗುತ್ತಿರಲಿಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಈಕೆ ಎದ್ದು ನಿಂತು, ಬಾಗಿಲ ಮುಂದೆ ಐದಡಿಯ ಒಂದು ಅಡ್ಡಗೋಡೆ ಕಟ್ಟಿದರೆ ಸಾಕೆಂದು ಚೀಟಿಯಲ್ಲಿ ಬರೆದು ಕೊಟ್ಟಳು. ಗೋಡೆ ಬಂತು, ಎಂಟು ತಿಂಗಳಿಗೆ. ಕುಂದಾಪುರದ ಕಡೆ 1995ರಷ್ಟು ಹಿಂದೆಯೇ ಮಕ್ಕಳ ಪಂಚಾಯತಿಗಳು ಶುರುವಾಗಿದ್ದವು. ಹಳ್ಳ ದಾಟುವ ಕಾಲುಸಂಕದಂಥವನ್ನು ಅಲ್ಲಿಯ ಮಕ್ಕಳು ಕೇಳಿ ಕಟ್ಟಿಸಿಕೊಂಡರು. ನಾವು ದೊಡ್ಡವರು ಗ್ರಾಮಸಭೆಗೆ ಹೋಗಿ ಏನು ಕೇಳಿದ್ದೇವೆ, ಅದನ್ನು ಈ ಪುಟದಲ್ಲಿ ಬರೆಯದಿರುವುದೇ ಒಳ್ಳೆಯದು.

ಮೇ ತಿಂಗಳಲ್ಲಿ ರಿಸಲ್ಟು ಬಂತು. ಗಣಿತಕ್ಕೆ ಎಪ್ಪತ್ತೊಂದು. ನಾನು ಸಿಹಿ ತೆಗೆದುಕೊಂಡು ಹೋಗಿ ಐದು ವರ್ಷದ ಓದಿನ ಮಾತು ತೆಗೆದೆ. ಅಪ್ಪ ಸುಮ್ಮನಿದ್ದರು, ತಾಯಿ ಮಾತಾಡಿದಳು.

"ಅಕ್ಕಾರ, ನೀವು ಹೇಳೂದು ಛಲೋ ಐತ್ರಿ. ಪಿ.ಯು.ಸಿ. ಎರಡು, ಆಮ್ಯಾಲ ಐದು. ಏಳು ವರ್ಷ ಮಗಳನ್ನ ಮನ್ಯಾಗ ಇಟ್ಕೊಂಡ್ರ ಮಂದಿ ಏನಂತಾರ? ಬೆಂಗಳೂರಾಗ ಯಾರ ಮನ್ಯಾಗ ಇರಬೇಕು? ನಿಮ್ಮ ಮಗಳನ್ನ ಕಳಸ್ತೀರೇನ್ರಿ ನೀವು?"

ನಾನು ಏನು ಹೇಳಲಿ? ನನ್ನ ಮಗಳು ಹುಬ್ಬಳ್ಳಿಗೆ ಓದಲು ಹೋಗುತ್ತೇನೆಂದಾಗ ಬೇಡವೆಂದು ತಡೆದವಳು ನಾನೇ. ಸಿಹಿಯ ಡಬ್ಬಿ ಅಲ್ಲಿಟ್ಟು ಎದ್ದು ಬಂದೆ. ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಏಳು ವರ್ಷದ ಲೆಕ್ಕ ಆಕೆಗೆ ಕೂಲಿಯ ಲೆಕ್ಕ, ಮದುವೆಯ ಲೆಕ್ಕ, ಮಾನದ ಲೆಕ್ಕ. ನಾವು ಹೊರಗೆ ನಿಂತು ಉಪದೇಶ ಮಾಡುವುದು ಸುಲಭ.

ವಾರ ಕಳೆದು ಗೌಂಡಿ ತಾವೇ ಬಂದರು. ಜಿಲ್ಲೆಯ ಸರಕಾರಿ ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ ಇದೆಯಂತಲ್ಲ, ಮೂರು ವರ್ಷ, ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರಬಹುದಲ್ಲ, ಅದು ಆದೀತೇ ಎಂದು ಕೇಳಿದರು. ಅದರಲ್ಲಿ ಗಣಿತವಿದೆ, ಮುಂದೆ ಬೇಕೆಂದರೆ ಬಿ.ಆರ್ಕ್ ಬಾಗಿಲೂ ತೆರೆದೇ ಇರುತ್ತದೆ ಎಂದೆ. "ಮುಂದಿಂದು ಮುಂದ ನೋಡೂಣ್ರಿ" ಎಂದರು. ಅರ್ಜಿ ತುಂಬಿದ್ದು ನಮ್ಮ ಹೊಸ ಅಡಿಗೆಮನೆಯ ಕಟ್ಟೆಯ ಮೇಲೆಯೇ. ನಮ್ಮ ಯಜಮಾನರೇ ಬರೆದುಕೊಟ್ಟರು, ಅದೂ ಚಂದದ ಅಕ್ಷರದಲ್ಲಿ.

ಕಾಲೇಜು ಶುರುವಾಗುವ ಹಿಂದಿನ ದಿನ ಹುಡುಗಿ ಹೇಳಿಹೋಗಲು ಬಂದಳು. ಟ್ರಂಕಿನ ತಳದಲ್ಲಿ, ಧಾರೆ ಸೀರೆಯ ಕೆಳಗೆ, ಅಪ್ಪನ ಓಳಂಬ ಇಟ್ಟಿದ್ದೆ. ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ದಾರಕ್ಕೆ ಕಟ್ಟಿ ತೂಗಬಿಟ್ಟು ನೋಡುವ ಹಿತ್ತಾಳೆ ಗುಂಡು. ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಆಕೆಯ ಕೈಗೆ ಕೊಟ್ಟೆ. ಆಗಲೇ ಹಾಲು ಕೇಳಿಕೊಂಡು ಬಂದ ಪಕ್ಕದ ಮನೆಯವರು, "ಏನ್ರೀ ಅದು, ಬಂಗಾರದ್ಹಂಗ ಹೊಳೀತೈತಿ?" ಎಂದರು.

"ನಮ್ಮಪ್ಪಂದ್ರಿ" ಎಂದೆ. "ಗೌಂಡಿ ಇದ್ರು ಅವರು."

ಹುಡುಗಿ ದಾರ ಹಿಡಿದು ಆಗಲೇ ನನ್ನ ಹೊಸ ಗೋಡೆಯನ್ನು ಪರೀಕ್ಷಿಸುತ್ತಿದ್ದಳು.