ಆಗುಂಬೆಯ ಮಳೆ, ಚಳ್ಳಕೆರೆಯ ಬಿಸಿಲು

ನಾನು ಹುಟ್ಟಿ ಬೆಳೆದುದು ಚಳ್ಳಕೆರೆಯ ಬಯಲುಸೀಮೆಯಲ್ಲಿ. ಆಷಾಢದ ಮೋಡಗಳು ತಲೆಯ ಮೇಲೆಯೇ ಸಾಗಿಹೋಗುತ್ತಿದ್ದರೂ ನೆಲಕ್ಕೆ ಹನಿ ಬೀಳುತ್ತಿರಲಿಲ್ಲ. ತಂದೆಯವರು ಹೊಲದ ಬದುವಿನ ಮೇಲೆ ನಿಂತು ಅವುಗಳನ್ನೇ ನೋಡುತ್ತಿದ್ದರು. ಮುಂದೆ ಉಪಾಧ್ಯಾಯನಾಗಿ ಮೂವತ್ತು ವರ್ಷ ಭೂಪಟದ ಮುಂದೆ ನಿಂತು ಇದರ ಕಾರಣವನ್ನು ಮಕ್ಕಳಿಗೆ ಹೇಳಿದೆನಾದರೂ, ಅದನ್ನು ಕಣ್ಣಾರೆ ಕಂಡುದು ನಿವೃತ್ತನಾದ ಮೇಲೆ, ಆಗುಂಬೆಯಲ್ಲಿ.

ಗ್ರೀಷ್ಮದಲ್ಲಿ ಭೂಮಿಯು ಕಾದು, ಅದರ ಮೇಲಣ ಗಾಳಿಯು ಹಗುರಾಗಿ ಮೇಲೇರುವುದು. ಆ ತೆರವನ್ನು ತುಂಬಲು ದಕ್ಷಿಣ ಗೋಳಾರ್ಧದ ಗಾಳಿಯು ವಿಷುವದ್ವೃತ್ತವನ್ನು ದಾಟಿ, ಭೂಭ್ರಮಣದಿಂದ ಬಲಕ್ಕೆ ತಿರುಗಿ, ನೈರುತ್ಯ ಮಾರುತವಾಗಿ ಅರಬ್ಬೀ ಸಮುದ್ರದ ತೇವವನ್ನು ಹೊತ್ತು ಬರುವುದು. ಸಹ್ಯಾದ್ರಿಯು ಅದನ್ನು ತಡೆದು ಮೇಲಕ್ಕೆತ್ತಲು, ಅದು ತಂಪಾಗಿ ಮಳೆಗರೆಯುವುದು. ಬೆಟ್ಟವಿಳಿಯುವಾಗ ಬಿಸಿಯೇರಿ ಒಣಗುವುದು. ಆಗುಂಬೆಯ ವಾರ್ಷಿಕ ಮಳೆ ಸುಮಾರು 7,600 ಮಿಲಿಮೀಟರು. ಸುಮಾರು 200 ಕಿಲೋಮೀಟರು ಆಚೆಯ ಚಳ್ಳಕೆರೆಯ ಸರಾಸರಿ 500ನ್ನೂ ಮುಟ್ಟದು.

ಘಟ್ಟದ ಅಂಚಿನಲ್ಲಿ ತೊಯ್ದು ನಿಂತಾಗ, ತಂದೆಯವರನ್ನು ನೆನೆದು, ಪರ್ವತದ ಮೇಲೆ ಮುನಿಸು ಬಂದುದು ನಿಜ. ಆದರೆ ನಮ್ಮ ಸೀಮೆಗೆ ಹರಿದುಬರುವ ವೇದಾವತಿಯು ಹುಟ್ಟುವುದೂ ಬಾಬಾಬುಡನ್ ಗಿರಿಯ ಮಡಿಲಿನಲ್ಲಿಯೇ. 1907ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟು ಹಿಡಿದು ನಿಲ್ಲಿಸುವುದು ಆ ನೀರನ್ನೇ. ಮುಗಿಲಿನ ಮೂಲಕ ಕೊಡದುದನ್ನು ಮಲೆಯು ನದಿಯ ಮೂಲಕ ಕೊಡುತ್ತಿದೆ. ಆ ಕಾಡು ಬೋಳಾದರೆ ಬಯಲುಸೀಮೆಯವರಾದ ನಮಗೆ ಗತಿಯೆಲ್ಲಿ?